ಅಪ್ಪನ ತಲೆನೋವನ್ನು ಮಕ್ಕಳಿಗೆ ಹೇಳೋದು ಹೇಗೆ?

ನಮ್ಮನೆಯವರಿಗೆ ಇರುವುದು ಕ್ಲಸ್ಟರ್ ತಲೆನೋವು, ತಲೆಯ ಒಂದೇ ಕಡೆ, ಕಣ್ಣಿನ ಸುತ್ತ ಏಳುವ ವಿಪರೀತ ನೋವು. ಮೈಗ್ರೇನ್ ಬೇರೆ, ಇದು ಬೇರೆ. ಮೈಗ್ರೇನ್ ಬಂದವರು ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗುತ್ತಾರೆ. ಕ್ಲಸ್ಟರ್ ಬಂದವರಿಗೆ ಕೂರೋಕೂ ಆಗಲ್ಲ, ಮಲಗೋಕೂ ಆಗಲ್ಲ. ನಡುಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ನಡುಮನೆಗೆ ಓಡಾಡುತ್ತಾರೆ. ಗೋಡೆಗೆ ತಲೆ ಒತ್ತುತ್ತಾರೆ, ನರಳುತ್ತಾರೆ. ಹೆಚ್ಚಾಗಿ ರಾತ್ರಿಯೇ ಬರುತ್ತೆ, ನಿದ್ದೆ ಹತ್ತಿದ ಒಂದೆರಡು ಗಂಟೆಗೆ. ಮಕ್ಕಳು ಎದ್ದು ನೋಡುವುದು ಇದನ್ನೇ. ರೋಗದ ಹೆಸರು ಆಮೇಲೆ ಹೇಳಿದರೂ ನಡೆಯುತ್ತೆ. ಮೊದಲು ಅವರು ಕಂಡದ್ದಕ್ಕೆ ಕಾರಣ ಹೇಳಿ.

ಹಗಲು ಹೊತ್ತಲ್ಲಿ ಹೇಳಿ, ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ನಮ್ಮ ಶ್ರೀನಿವಾಸಪುರದ ಕಡೆ ಚಳಿಗಾಲ ಬಂದರೆ ಮನೆಮನೆಯಲ್ಲೂ ಅವರೆಕಾಳು ಹಿದುಕೋ ಕೆಲಸ ಇದ್ದೇ ಇರುತ್ತೆ. ಆಗ ಶುರುಮಾಡಿದೆ. ಕೈಗೆ ಕೆಲಸ ಇದ್ದಾಗ ಮಕ್ಕಳು ಮುಖ ನೋಡದೆ ಏನು ಬೇಕಾದರೂ ಕೇಳುತ್ತಾರೆ. ಆರು ವರ್ಷದ ಚಿಕ್ಕವಳು ಕೇಳಿದ್ದು ಇದು: "ಅಪ್ಪ ಯಾಕೆ ಒಂದೇ ಕಣ್ಣಲ್ಲಿ ಅಳೋದು?"

ಉತ್ತರ ಅವರೇ ಕೊಟ್ಟರು. "ಅಳ್ತಾ ಇಲ್ಲ ಪುಟ್ಟಿ. ನೋವಿರೋ ಕಡೆ ಕಣ್ಣಲ್ಲಿ ನೀರು ತಾನಾಗೇ ಬರುತ್ತೆ, ಕಣ್ಣು ಕೆಂಪಾಗುತ್ತೆ. ಆ ಕಡೆ ಮೂಗೂ ಸೋರುತ್ತೆ. ರೆಪ್ಪೆ ಜೋತುಬೀಳುತ್ತೆ. ನೋವು ಹೋದ ಮೇಲೆ ಸರಿಹೋಗುತ್ತೆ." ಅಷ್ಟೇ ಸಾಕಾಯಿತು ಅವಳಿಗೆ. ಇನ್ನೊಂದು ಅವರೆ ತಗೊಂಡಳು.

ದೊಡ್ಡವನಿಗೆ ಹನ್ನೆರಡು. ಅವನಿಗೆ ಬೇಕಿದ್ದದ್ದು "ದಿನಾ ಅದೇ ಹೊತ್ತಿಗೆ ಯಾಕೆ?" ಅನ್ನೋದಕ್ಕೆ ಉತ್ತರ. ಮಿದುಳಿನ ಒಳಗೆ ಹೈಪೊಥಲಾಮಸ್ ಅಂತ ಒಂದು ಸಣ್ಣ ಭಾಗ ಇದೆ. ನಿದ್ದೆ, ಎಚ್ಚರದ ಲೆಕ್ಕ ಇಡುವುದು ಅದು. ಈ ನೋವಿನಲ್ಲಿ ಅದರ ಪಾತ್ರ ಇದೆ ಅಂತ ಡಾಕ್ಟರುಗಳು ಹೇಳುತ್ತಾರೆ. ರಾತ್ರಿ ತ್ರೀ ಫೇಸ್ ಬಂದ ತಕ್ಷಣ ಯಾರೂ ಸ್ವಿಚ್ ಒತ್ತದೆ ತೋಟದ ಮೋಟರ್ ಎದ್ದುಬಿಡುತ್ತಲ್ಲ, ಆಟೋ ಸ್ಟಾರ್ಟರ್, ಹಾಗೆ ಅಂದೆ. ತಕ್ಷಣ ಹಿಡಿದುಕೊಂಡ. "ಹಂಗಾದ್ರೆ ನಾವು ಟಿವಿ ಜೋರಾಗಿ ಹಾಕಿದ್ದಕ್ಕಲ್ವಾ?"

ನೋಡಿ, ಇದನ್ನೇ ಒಳಗೆ ಇಟ್ಟುಕೊಂಡಿರುತ್ತವೆ ಮಕ್ಕಳು. "ಗಲಾಟೆ ಮಾಡ್ಬೇಡ, ನಿನ್ನಿಂದ ಅಪ್ಪನಿಗೆ ತಲೆನೋವು ಬಂತು" ಅನ್ನೋ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು. ಅಜ್ಜಿಯ ಬಾಯಲ್ಲೂ. ಮೈಗ್ರೇನ್ ಇರುವ ಮನೆಯಾದರೆ ಸದ್ದು, ಬೆಳಕು ನೋವನ್ನು ಜಾಸ್ತಿ ಮಾಡುತ್ತೆ ನಿಜ. ಆದರೂ "ಸದ್ದು ಕಡಿಮೆ ಮಾಡು, ಅಮ್ಮನಿಗೆ ಸಹಾಯ ಆಗುತ್ತೆ" ಅನ್ನಿ, ಸಾಕು.

ಎಷ್ಟು ಹೊತ್ತು ಇರುತ್ತೆ ಅಂತ ಹೇಳಿ. ಕ್ಲಸ್ಟರ್ ನೋವು 15 ನಿಮಿಷದಿಂದ 3 ಗಂಟೆವರೆಗೆ ಇರಬಹುದು. ಒಂದೇ ದಿನಕ್ಕೆ 8 ಸಲ ಬರುವವರೂ ಇದ್ದಾರೆ. ಗಡಿಯಾರ ತೋರಿಸಿ, ನಿಮ್ಮ ಮನೆಯಲ್ಲಿ ಸಾಮಾನ್ಯವಾಗಿ ಎಷ್ಟೋ ಅಷ್ಟು ಹೇಳಿ. ಮುಗಿಯುತ್ತೆ ಅಂತ ಗೊತ್ತಿದ್ದರೆ ಮಕ್ಕಳು ತಡೆದುಕೊಳ್ಳುತ್ತಾರೆ.

ಆಕ್ಸಿಜನ್ ಸಿಲಿಂಡರ್ ಮನೆಗೆ ಬಂದ ದಿನ ದೊಡ್ಡವನ ಮುಖ ಬಾಡಿಹೋಯಿತು. ಕೊರೊನಾ ಕಾಲದಲ್ಲಿ ಟಿವಿಯಲ್ಲಿ ನೋಡಿದ್ದ, ಆಕ್ಸಿಜನ್ ಹಾಕಿದರೆ ಸಾಯೋದೇ ಅಂತ ತಿಳಿದಿದ್ದ. ಹಗಲಲ್ಲೇ ಮಾಸ್ಕ್ ಕೈಗೆ ಕೊಟ್ಟೆ. ಡಾಕ್ಟರ್ ಬರೆದುಕೊಟ್ಟ ಹಾಗೆ ಸುಮಾರು 15 ನಿಮಿಷ ಎಳೆದುಕೊಂಡರೆ ಎಷ್ಟೋ ಜನಕ್ಕೆ ನೋವು ಇಳಿಯುತ್ತೆ, ಇದು ಅದಕ್ಕೆ ಮದ್ದು ಅಂತ ಹೇಳಿದೆ. ಕವಾಟವನ್ನು ಮಕ್ಕಳು ಮುಟ್ಟುವ ಹಾಗಿಲ್ಲ. ಸಿಲಿಂಡರ್ ಹತ್ತಿರ ದೀಪ, ಊದುಬತ್ತಿ, ಬೀಡಿ ಯಾವುದೂ ಬೇಡ. ನಮ್ಮತ್ತೆ ಮೆಣಸಿನಕಾಯಿ ನಿವಾಳಿಸಿ ಸುಡುತ್ತಾರೆ, ಬೇಡ ಅಂದರೆ ಕೇಳಲ್ಲ. ಈಗ ಮನೆಯಿಂದ ದೂರ, ಹುಣಸೆ ಮರದ ಹತ್ತಿರ ಸುಡುತ್ತಾರೆ.

ಇನ್ನು ಊರಿನ ಬಾಯಿ. ಕೆಂಪು ಕಣ್ಣು, ಅರ್ಧರಾತ್ರಿ ಓಡಾಟ. ಕುಡಿದಿದ್ದಾನೆ ಅಂದೇ ಅಂದುಕೊಳ್ಳುತ್ತಾರೆ. ಮಗನಿಗೆ ಶಾಲೆಯಲ್ಲೂ ಅದನ್ನೇ ಅಂದರು. ನೋವಿನ ತಿಂಗಳುಗಳಲ್ಲಿ ಒಂದು ಗುಟುಕು ಕುಡಿದರೂ ನೋವು ಏಳಬಹುದು, ಇವರು ಅದರ ವಾಸನೆಗೂ ಹೋಗಲ್ಲ! ಮಗುವಿಗೆ ಒಂದೇ ಸಾಲಿನ ಉತ್ತರ ಕಲಿಸಿಡಿ: "ನಮ್ಮಪ್ಪನಿಗೆ ನರದ ಕಾಯಿಲೆ, ಔಷಧಿ ನಡೀತಿದೆ." ಟೀಚರಿಗೂ ಹೇಳಿಡಿ, ನಿದ್ದೆಗೆಟ್ಟ ಮಗು ತರಗತಿಯಲ್ಲಿ ತೂಕಡಿಸಿದರೆ ಅರ್ಥ ಆಗಲಿ.

ಮಕ್ಕಳಿಗೆ ಕೆಲಸ ಕೊಡಬಹುದು, ಆರೈಕೆಯ ಹೊಣೆ ಬೇಡ. ನಮ್ಮವನು ಬೆಳಿಗ್ಗೆ ಅಪ್ಪನನ್ನು ಕೇಳಿ ಕ್ಯಾಲೆಂಡರಿನಲ್ಲಿ ಶುರುವಾದ ಹೊತ್ತು, ಮುಗಿದ ಹೊತ್ತು ಬರೆಯುತ್ತಾನೆ. ಡಾಕ್ಟರಿಗೆ ಅದು ಬೇಕೇ ಬೇಕು. ಚಿಕ್ಕವಳ ಕೆಲಸ ಎಚ್ಚರವಾದರೆ ಅಜ್ಜಿ ಹತ್ತಿರ ಹೋಗಿ ಮಲಗೋದು. ಮಾತು ತೊದಲಿದರೆ, ಕೈಕಾಲು ಸೋತರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಅದು ಎಂದಿನ ನೋವಲ್ಲ, ದೊಡ್ಡವರನ್ನು ಎಬ್ಬಿಸಿ 108ಕ್ಕೆ ಫೋನ್ ಮಾಡಬೇಕು ಅಂತ ದೊಡ್ಡವನಿಗೆ ಹೇಳಿದ್ದೇನೆ.

ನೋವಿನಲ್ಲಿ "ಸತ್ತರೆ ಸಾಕು" ಅನ್ನೋ ಮಾತು ಬಂದರೆ ಮಕ್ಕಳಿಗೆ ಕೇಳಿಸಿಲ್ಲ ಅಂದುಕೊಳ್ಳಬೇಡಿ. ಮರುದಿನವೇ ಕೂರಿಸಿಕೊಂಡು ಮಾತಾಡಿ. ನೋವು ಅಷ್ಟಿತ್ತು, ಡಾಕ್ಟರಿಗೂ ಹೇಳಿದ್ದೇವೆ, ಅಪ್ಪನನ್ನು ನೋಡಿಕೊಳ್ಳೋಕೆ ನಾವು ದೊಡ್ಡವರಿದ್ದೇವೆ ಅನ್ನಿ. ಡಾಕ್ಟರಿಗೆ ನಿಜವಾಗಿಯೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಹೆಚ್ಚಿನವರಿಗೆ ಕೆಲವು ವಾರವೋ ತಿಂಗಳೋ ಕಾಡಿ ನೋವು ನಿಂತುಬಿಡುತ್ತೆ. ಆಗ "ಇನ್ನು ಬರಲ್ಲ" ಅಂತ ಮಾತು ಕೊಡಬೇಡಿ. ಎಷ್ಟೋ ಜನಕ್ಕೆ ಮುಂದಿನ ವರ್ಷ ಅದೇ ಕಾಲಕ್ಕೆ ವಾಪಸ್ ಬರುತ್ತೆ. "ಬಂದರೆ ಏನು ಮಾಡಬೇಕು ಅಂತ ನಮಗೆ ಗೊತ್ತಲ್ವಾ?" ಅಂತ ಕೇಳಿ, ಅವರ ಬಾಯಲ್ಲೇ ಹೇಳಿಸಿ.