ಬ್ಯಾಗಿಗೆ ಉದ್ದ ಹೆಚ್ಚು-ಕಡಿಮೆ ಮಾಡಬಲ್ಲ ಪಟ್ಟಿ: ನಾನು ಹೊಲಿಯುವ ಕ್ರಮ

ಮನೆಯಲ್ಲಿ ಹೊಲಿದ ಬ್ಯಾಗಿನಲ್ಲಿ ಮೊದಲು ಕೈಕೊಡುವುದು ಹೆಗಲ ಪಟ್ಟಿ. ಪಟ್ಟಿಯ ಉದ್ದ ಹೊಂದಿಸುವ ಲೋಹದ ಸ್ಲೈಡರ್ ತಾನಾಗಿಯೇ ಜಾರಿ ಬ್ಯಾಗು ತೊಡೆಯವರೆಗೆ ಇಳಿಯುತ್ತದೆ, ಇಲ್ಲವೇ ಎಷ್ಟು ಎಳೆದರೂ ಸ್ಲೈಡರ್ ಜಪ್ಪಯ್ಯ ಅನ್ನುವುದಿಲ್ಲ. ಎರಡಕ್ಕೂ ಕಾರಣ ಒಂದೇ: ಪಟ್ಟಿಯ ದಪ್ಪಕ್ಕೂ ಸ್ಲೈಡರಿನ ಸಂದಿಗೂ ತಾಳೆಯಾಗಿಲ್ಲ. ಅದಕ್ಕಾಗಿ ನಾನು ಬಟ್ಟೆಗೆ ಕತ್ತರಿ ಹಾಕುವ ಮೊದಲೇ ಲೋಹದ ಸಾಮಾನುಗಳನ್ನು ತಂದಿಟ್ಟುಕೊಳ್ಳುತ್ತೇನೆ.

ಬೇಕಾಗುವುದು ಮೂರೇ ಸಾಮಾನು: ನಡುವೆ ಒಂದು ಅಡ್ಡಕಡ್ಡಿ ಇರುವ ಸ್ಲೈಡರ್ ಒಂದು, ಆಯತಾಕಾರದ ರಿಂಗ್ ಎರಡು. ಪಟ್ಟಿ ಬಿಚ್ಚಿ ಹಾಕುವಂತಿರಬೇಕು ಅಂದರೆ ರಿಂಗಿನ ಜಾಗದಲ್ಲಿ ತಿರುಗುವ ಹುಕ್. ಮೂರರ ಒಳ ಅಗಲವೂ ಒಂದೇ ಇರಬೇಕು. ಚಿಕ್ಕ ಬ್ಯಾಗಿಗೆ 25 ಮಿ.ಮೀ. ಸಾಕು, ಪುಸ್ತಕ, ಲ್ಯಾಪ್‌ಟಾಪ್ ಹೊರುವ ಬ್ಯಾಗಾದರೆ 38 ಮಿ.ಮೀ.ಗಿಂತ ಕಡಿಮೆ ಹಾಕಬೇಡಿ, ಪಟ್ಟಿ ಹೆಗಲಿಗೆ ಒತ್ತುತ್ತದೆ. ಡಿ-ರಿಂಗಿಗಿಂತ ಆಯತದ ರಿಂಗೇ ನನಗೆ ಇಷ್ಟ. ಡಿ-ರಿಂಗನ್ನು ತಲೆಕೆಳಗಾಗಿ ಹಾಕಿದರೆ ಪಟ್ಟಿ ಬಾಗಿದ ಕಡೆಗೆ ಬಂದು ಮುದುಡಿಕೊಳ್ಳುತ್ತದೆ. ಆಯತದಲ್ಲಿ ಆ ಚಿಂತೆಯಿಲ್ಲ.

ಇನ್ನು ಉದ್ದದ ಲೆಕ್ಕ. ಇದನ್ನು ಅಂದಾಜಿಗೆ ಬಿಡಬಾರದು. ಪಟ್ಟಿ ಸ್ಲೈಡರಿನಿಂದ ಹೊರಟು ಮೊದಲ ರಿಂಗಿನೊಳಗೆ ತಿರುಗಿ, ಮತ್ತೆ ಸ್ಲೈಡರಿನ ಮೂಲಕ ಹಾದು ಎರಡನೇ ರಿಂಗಿಗೆ ಹೋಗುತ್ತದೆ. ಹಾಗಾಗಿ ಸ್ಲೈಡರಿಗೂ ಮೊದಲ ರಿಂಗಿಗೂ ನಡುವೆ ಎಷ್ಟು ಅಂತರವಿದೆಯೋ ಅಷ್ಟು, ಒಟ್ಟು ಉದ್ದದಿಂದ ಕಳೆಯುತ್ತದೆ. ಒಟ್ಟು 132 ಸೆಂ.ಮೀ. ಪಟ್ಟಿಯಲ್ಲಿ ಆ ಅಂತರ 6 ಸೆಂ.ಮೀ. ಇದ್ದಾಗ ಬ್ಯಾಗು 126ಕ್ಕೆ ತೂಗುತ್ತದೆ; ಅಂತರ 40 ಆದಾಗ 92ಕ್ಕೆ. ಎಷ್ಟೇ ಎಳೆದರೂ ಪಟ್ಟಿ ಅರ್ಧಕ್ಕಿಂತ ಗಿಡ್ಡವಾಗದು. ನಿಜದಲ್ಲಿ ಅರ್ಧವೂ ಆಗುವುದಿಲ್ಲ, ಎರಡನೇ ರಿಂಗಿನ ಬಳಿಯ ದಪ್ಪ ಮಡಿಕೆಗೆ ಸ್ಲೈಡರ್ ತಾಗಿ ನಿಲ್ಲುವುದರಿಂದ 68-70ಕ್ಕೆ ಮುಗಿಯಿತು. ಇದು ಗೊತ್ತಿಲ್ಲದೆ ‘ಉದ್ದ ಇದ್ದರೆ ಒಳ್ಳೆಯದು’ ಎಂದು 170 ಸೆಂ.ಮೀ. ಕತ್ತರಿಸಿದರೆ, ಆ ಬ್ಯಾಗನ್ನು ಕಂಕುಳಲ್ಲಿ ಇಟ್ಟುಕೊಳ್ಳುವಷ್ಟು ಗಿಡ್ಡ ಮಾಡಲು ಯಾವತ್ತೂ ಆಗುವುದಿಲ್ಲ.

ನಾನು ಒಂದು ದಾರವನ್ನು ಹೆಗಲ ಮೇಲಿಂದ ಅಡ್ಡಲಾಗಿ ಹಾಕಿ, ಬ್ಯಾಗು ಅತಿ ಕೆಳಗೆ ಎಲ್ಲಿರಬೇಕೋ ಅಲ್ಲಿಗೆ ಅಳೆಯುತ್ತೇನೆ. ಅದಕ್ಕೆ 6 ಸೆಂ.ಮೀ. ಸೇರಿಸಿದರೆ ಒಟ್ಟು ಉದ್ದ. ಎರಡೂ ತುದಿಯ ಮಡಿಕೆಗೆ ಇನ್ನು 8 ಸೆಂ.ಮೀ. ಅಂದರೆ ಮೇಲೆ ಹೇಳಿದ 132 ಸೆಂ.ಮೀ. ಪಟ್ಟಿಗೆ ಕತ್ತರಿಸಬೇಕಾದದ್ದು 140 ಸೆಂ.ಮೀ.

ಬಟ್ಟೆಯನ್ನು ನಾಲ್ಕು ಪದರವಾಗಿ ಮಡಚುವುದರಿಂದ ಅಗಲಕ್ಕೆ ನಾಲ್ಕು ಪಟ್ಟು ಎನ್ನುವುದು ಎಲ್ಲರಿಗೂ ಗೊತ್ತಿರುವ ಲೆಕ್ಕ: 25 ಮಿ.ಮೀ. ಪಟ್ಟಿಗೆ 10 ಸೆಂ.ಮೀ. ಬಟ್ಟೆ. ಆದರೆ ಸಿದ್ಧವಾದ ಪಟ್ಟಿ ರಿಂಗಿನ ಒಳ ಅಗಲಕ್ಕಿಂತ 1 ಮಿ.ಮೀ. ಕಡಿಮೆ ಇರಬೇಕು, ಇಲ್ಲದಿದ್ದರೆ ಅಂಚು ಲೋಹಕ್ಕೆ ಉಜ್ಜಿ ಬೇಗ ಸವೆಯುತ್ತದೆ. ತುಸು ದಪ್ಪ ಬಟ್ಟೆಯಾದರೆ ಮಡಿಕೆಯ ತಿರುವಿನಲ್ಲೇ ಆ 1 ಮಿ.ಮೀ. ಹೋಗಿಬಿಡುತ್ತದೆ, ತೆಳು ಹತ್ತಿಯಾದರೆ 9.6 ಸೆಂ.ಮೀ. ಕತ್ತರಿಸಿ. ಬಟ್ಟೆಯ ಉದ್ದೆಳೆಗೆ, ಅಂದರೆ ಬಟ್ಟೆಯ ಪಕ್ಕದ ನೇಯ್ದ ಅಂಚಿಗೆ ಸಮಾನಾಂತರವಾಗಿ ಕತ್ತರಿಸಿದ ಪಟ್ಟಿ ಹಿಗ್ಗುವುದಿಲ್ಲ. ಅಡ್ಡಕ್ಕೆ ಕತ್ತರಿಸಿದ್ದು ಭಾರಕ್ಕೆ ಸ್ವಲ್ಪ ಎಳೆಯುತ್ತದೆ. ಓರೆಯಾಗಿ ಕತ್ತರಿಸಿದ್ದು ಪಟ್ಟಿಯ ಕೆಲಸಕ್ಕೆ ಬರುವುದೇ ಇಲ್ಲ.

ಉದ್ದ ಸಾಲದೆ ಜೋಡಿಸಬೇಕಾಗಿ ಬಂದರೆ ಜೋಡಣೆ ಓರೆಯಲ್ಲಿರಲಿ. ಎರಡು ತುಂಡುಗಳ ಹೊರಮೈ ಎದುರುಬದುರಾಗಿ, ಒಂದಕ್ಕೊಂದು ಲಂಬವಾಗಿ ಇಟ್ಟು ಮೂಲೆಯಿಂದ ಮೂಲೆಗೆ ಹೊಲಿದು, 6 ಮಿ.ಮೀ. ಬಿಟ್ಟು ಉಳಿದದ್ದನ್ನು ಕತ್ತರಿಸಿ, ಹೊಲಿಗೆಯಂಚನ್ನು ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಹಾಕಿ. ನೇರ ಜೋಡಣೆಯಾದರೆ ಎಲ್ಲ ಪದರಗಳೂ ಒಂದೇ ಗೆರೆಯಲ್ಲಿ ಗಂಟಿನಂತೆ ಕೂತು ಸ್ಲೈಡರನ್ನು ಅಲ್ಲೇ ತಡೆಯುತ್ತವೆ. ಜೋಡಣೆ ಎಲ್ಲಿ ಬರುತ್ತದೆ ಎನ್ನುವುದೂ ಮುಖ್ಯ. ದಿನಬಳಕೆಯಲ್ಲಿ ಸ್ಲೈಡರ್ ಓಡಾಡುವುದು ಪಟ್ಟಿಯ ಮೊದಲ ಮುಕ್ಕಾಲು ಭಾಗದಲ್ಲಿ. ಆದ್ದರಿಂದ ಜೋಡಣೆಯನ್ನು ಎರಡನೇ ರಿಂಗಿನ ಕಡೆಯ ಕೊನೆಯ 30 ಸೆಂ.ಮೀ. ಒಳಗೆ ಹಾಕಿ.

ಪೇಸ್ಟಿಂಗ್, ಅಂದರೆ ಬಟ್ಟೆ ಗಟ್ಟಿಯಾಗಲು ಒಳಗೆ ಅಂಟಿಸುವ ಪದರದ ವಿಷಯದಲ್ಲೇ ಹೆಚ್ಚು ಪಟ್ಟಿಗಳು ಕೆಡುವುದು. ಹತ್ತು ಸೆಂ.ಮೀ. ಬಟ್ಟೆಗೆ ಹತ್ತು ಸೆಂ.ಮೀ. ಅಗಲದ ಪೇಸ್ಟಿಂಗ್ ಅಂಟಿಸಿದರೆ ಪಟ್ಟಿಯೊಳಗೆ ಅದು ನಾಲ್ಕು ಪದರ ಆಗುತ್ತದೆ. ನಡುವಿನ 4.8 ಸೆಂ.ಮೀ.ಗೆ ಮಾತ್ರ, ನೇಯ್ದ ತೆಳು ಪೇಸ್ಟಿಂಗ್ ಹಾಕಿ. ಎರಡು ಪದರವಷ್ಟೇ ಒಳಗೆ ಉಳಿಯುತ್ತದೆ, ಮಡಿಕೆಯೂ ಅದರ ಅಂಚಿಗೆ ಸರಿಯಾಗಿ ಕೂರುತ್ತದೆ. ಎರಡು ತುದಿಯಲ್ಲಿ 4 ಸೆಂ.ಮೀ. ಪೇಸ್ಟಿಂಗ್ ಬೇಡವೇ ಬೇಡ, ಅಲ್ಲಿ ಪಟ್ಟಿಯೇ ಮತ್ತೆ ಮಡಚಿಕೊಳ್ಳುತ್ತದೆ. ಬಕ್ರಂ (ಗಂಜಿ ಹಾಕಿದಂತೆ ಬಿರುಸಾದ ಬಟ್ಟೆ) ಹಾಕುವವರೂ ಇದ್ದಾರೆ. ಅದು ಮೊದಲ ವಾರ ನೆಟ್ಟಗೆ ಕಾಣುತ್ತದೆ, ಆಮೇಲೆ ರಿಂಗಿನ ಬಳಿ ಮುರಿದಂತಾಗಿ ಗೆರೆ ಬೀಳುತ್ತದೆ.

ಇಡೀ ಪಟ್ಟಿ ಹೊಲಿಯುವ ಮೊದಲು ಅದೇ ಬಟ್ಟೆ, ಅದೇ ಪೇಸ್ಟಿಂಗಿನಲ್ಲಿ 20 ಸೆಂ.ಮೀ. ಮಾದರಿ ಮಾಡಿ. ಅದನ್ನು ಅರ್ಧಕ್ಕೆ ಮಡಚಿ, ಎರಡೂ ಪದರ ಒಟ್ಟಿಗೆ ಸ್ಲೈಡರಿನ ಒಂದು ಸಂದಿಯಲ್ಲಿ ತೂರಿಸಿ ನೋಡಿ. ಸ್ಲೈಡರಿನಲ್ಲಿ ಹೊಲಿದ ತುದಿಯ ಮೇಲೆಯೇ ಓಡಾಡುವ ಪಟ್ಟಿ ಹಾಯುವುದರಿಂದ ಪ್ರತಿ ಸಂದಿಯಲ್ಲೂ ಇಷ್ಟೇ ದಪ್ಪ ಇರುತ್ತದೆ. ಬೆರಳಿನಿಂದ ಎಳೆದರೆ ಬರಬೇಕು, ಬಿಟ್ಟರೆ ಸ್ಲೈಡರ್ ತನ್ನ ಭಾರಕ್ಕೆ ಕೆಳಗೆ ಬೀಳಬಾರದು. ಬಿದ್ದರೆ ಪಟ್ಟಿ ತೆಳು, ತೂರದಿದ್ದರೆ ದಪ್ಪ. ಡೆನಿಮ್, ಗಟ್ಟಿ ಕ್ಯಾನ್ವಾಸ್ ಸಾಮಾನ್ಯವಾಗಿ ತೂರುವುದಿಲ್ಲ. ಅಂಥ ಬಟ್ಟೆಗೆ ನಾಲ್ಕು ಪದರ ಬಿಟ್ಟು, ಬೇಕಾದ ಅಗಲಕ್ಕೆ ಎರಡೂ ಕಡೆ 1 ಸೆಂ.ಮೀ. ಸೇರಿಸಿ ಕತ್ತರಿಸಿ, ಆ ಅಂಚುಗಳನ್ನು ಒಳಕ್ಕೆ ಮಡಚಿ, ಹಿಂದೆ ತೆಳು ಹತ್ತಿಬಟ್ಟೆ ಕೊಟ್ಟು ಹೊಲಿಯುತ್ತೇನೆ.

ಮಡಚುವುದರಲ್ಲಿ ಹೊಸತೇನಿಲ್ಲ: ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ, ಬಿಡಿಸಿ ಎರಡೂ ಅಂಚು ನಡುಗೆರೆಗೆ ತಂದು ಇಸ್ತ್ರಿ, ಮತ್ತೆ ಅರ್ಧಕ್ಕೆ ಮಡಚಿ ಇಸ್ತ್ರಿ. ಅಂಚುಗಳು ನಡುಗೆರೆಗೆ ತಾಗದೆ ಒಂದು ಕೂದಲೆಳೆ ಹಿಂದೆ ನಿಂತರೆ ಕೊನೆಯ ಮಡಿಕೆ ಚಪ್ಪಟೆಯಾಗಿ ಬರುತ್ತದೆ. ಪಾಲಿಯೆಸ್ಟರ್ ದಾರ, 16ರ ಸೂಜಿ (ತೆಳು ಬಟ್ಟೆಗೆ 14), ಹೊಲಿಗೆ ಉದ್ದ 3 ಮಿ.ಮೀ. ತೆರೆದ ಅಂಚಿನ ಕಡೆ ಮೊದಲು, ಅಂಚಿನಿಂದ 3 ಮಿ.ಮೀ. ಒಳಗೆ. ಎರಡನೇ ಅಂಚನ್ನೂ ಮೊದಲು ಶುರು ಮಾಡಿದ ತುದಿಯಿಂದಲೇ ಹೊಲಿಯಬೇಕು. ಕೊನೆಗೆ ಬಂದು ತಿರುಗಿಸಿ ವಾಪಸು ಹೊಲಿಯಬೇಡಿ. ಮೆಷಿನ್ನಿನ ಹಲ್ಲು ಕೆಳಪದರವನ್ನು ಮೇಲಿನದಕ್ಕಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ಎರಡು ಅಂಚಲ್ಲಿ ಎರಡು ದಿಕ್ಕಿಗೆ ಎಳೆದರೆ ಪಟ್ಟಿ ಹಗ್ಗದ ಹಾಗೆ ತಿರುಚಿಕೊಳ್ಳುತ್ತದೆ, ಇಸ್ತ್ರಿಯಿಂದಲೂ ಅದು ಹೋಗುವುದಿಲ್ಲ.

ಈಗ ಪೋಣಿಸುವುದು. ಸ್ಲೈಡರಿನ ತುದಿ ಮೊದಲು, ರಿಂಗಿನ ತುದಿ ಕೊನೆಗೆ. ಎರಡೂ ತುದಿ ಹೊಲಿದುಬಿಟ್ಟರೆ ಪಟ್ಟಿಯನ್ನು ತೂರಿಸಲು ದಾರಿಯೇ ಇರುವುದಿಲ್ಲ. ಪಟ್ಟಿಯ ಒಳಮೈ ಮೇಲೆ ಬರುವಂತೆ ಮೇಜಿನ ಮೇಲೆ ಹಾಸಿ, ತುದಿಯನ್ನು ಸ್ಲೈಡರಿನ ಅಡಿಯಿಂದ ಆಚೆಯ ಸಂದಿಯಲ್ಲಿ ಮೇಲಕ್ಕೆ ತಂದು, ಅಡ್ಡಕಡ್ಡಿಯನ್ನು ಸುತ್ತಿಸಿ ಈಚೆಯ ಸಂದಿಯಲ್ಲಿ ಕೆಳಗಿಳಿಸಿ. ತುದಿಯನ್ನು 1 ಸೆಂ.ಮೀ. ಒಳಕ್ಕೆ ಮಡಚಿ, ಸುಮಾರು 2.5 ಸೆಂ.ಮೀ. ಪಟ್ಟಿಯ ಮೇಲೆ ಕೂರುವಂತೆ ಎರಡು ಸಾಲು ಅಡ್ಡಹೊಲಿಗೆ ಹಾಕಿ. ಮುಂದೆ ಬಿಡಿ ತುದಿಯನ್ನು ಮೊದಲ ರಿಂಗಿನೊಳಗೆ ಹಾಯಿಸಿ, ಒಳಮೈಗೆ ಒಳಮೈ ತಾಗುವಂತೆ ಹಿಂದಕ್ಕೆ ತಿರುಗಿಸಿ, ಸ್ಲೈಡರಿನ ಈಚೆಯ ಸಂದಿಯಲ್ಲಿ ಮೇಲಕ್ಕೆ, ಹೊಲಿದ ತುದಿಯ ಮೇಲಿಂದ, ಆಚೆಯ ಸಂದಿಯಲ್ಲಿ ಕೆಳಕ್ಕೆ. ಸರಿಯಾಗಿ ಹಾಕಿದ್ದರೆ ಹೊಲಿದ ತುದಿ ಎರಡು ಪದರದ ನಡುವೆ ಅಡಗಿರುತ್ತದೆ, ಹೊರಗೆಲ್ಲ ಬಟ್ಟೆಯ ಹೊರಮೈಯೇ ಕಾಣುತ್ತದೆ.

ಇಲ್ಲಿ ನಿಂತು, ಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಬೆರಳಲ್ಲಿ ಸವರಿ, ಎಲ್ಲೂ ಸುತ್ತಿಕೊಂಡಿಲ್ಲ ಎಂದು ನೋಡಿ. ಆಮೇಲೆಯೇ ಎರಡನೇ ರಿಂಗು: ತುದಿ 1 ಸೆಂ.ಮೀ. ಒಳಕ್ಕೆ, ಮತ್ತೆ 3 ಸೆಂ.ಮೀ. ಒಳಮೈಯ ಕಡೆಗೆ ಮಡಚಿ, ಚೌಕ ಹೊಲಿದು ಅದರೊಳಗೆ ಗುಣಾಕಾರದ ಗುರುತು. ಇಡೀ ಬ್ಯಾಗಿನ ಭಾರ ಈ ಚೌಕದ ಮೇಲೆ ಬೀಳುತ್ತದೆ, ಒಂದು ಸಾಲು ಹೊಲಿಗೆಗೆ ಬಿಡಬೇಡಿ. ದಪ್ಪ ಮಡಿಕೆ ಹತ್ತುವಾಗ ಪ್ರೆಸರ್ ಫೂಟ್ (ಬಟ್ಟೆಯನ್ನು ಒತ್ತಿಹಿಡಿಯುವ ಮೆಷಿನ್ನಿನ ಪಾದ) ಓರೆಯಾದರೆ ಹೊಲಿಗೆ ತಪ್ಪುತ್ತದೆ, ಸೂಜಿ ಮುರಿಯುವುದೂ ಉಂಟು. ಅದೇ ದಪ್ಪಕ್ಕೆ ಮಡಚಿದ ಚೂರುಬಟ್ಟೆಯನ್ನು ಫೂಟಿನ ಹಿಂಭಾಗದ ಅಡಿಗೆ ಕೊಟ್ಟು ಅದನ್ನು ಸಮ ಮಾಡಿ, ಮೊದಲ ನಾಲ್ಕೈದು ಹೊಲಿಗೆಯನ್ನು ಕೈಚಕ್ರ ತಿರುಗಿಸಿಯೇ ಹಾಕಿ.

ಬಟ್ಟೆಯ ಬದಲು ಸಿದ್ಧ ನವಾರ (ಪಟ್ಟಿಯಾಗಿಯೇ ನೇಯ್ದದ್ದು) ಬಳಸುವುದಾದರೆ ಅರ್ಧ ಕೆಲಸ ಕಡಿಮೆ. ನೈಲಾನ್, ಪಾಲಿಯೆಸ್ಟರ್ ನವಾರದ ತುದಿಯನ್ನು ಬೆಂಕಿ ತೋರಿಸಿ ಕರಗಿಸಿದರೆ ಎಳೆ ಬಿಚ್ಚುವುದಿಲ್ಲ. ಹತ್ತಿಯದು ಕರಗುವುದಿಲ್ಲ, ಸುಡುತ್ತದೆ. ಅದಕ್ಕೆ ಜಿಗ್‌ಜ್ಯಾಗ್ ಹೊಲಿಗೆಯೇ ಬೇಕು. ನುಣುಪಾದ ನೈಲಾನ್ ಬೇಗ ಜಾರುತ್ತದೆ, ಹತ್ತಿಯದು ಹಿಡಿದು ನಿಲ್ಲುತ್ತದೆ.

ಎಲ್ಲ ಮುಗಿದ ಮೇಲೆ ಸ್ಲೈಡರ್ ನಿಂತ ಜಾಗದಲ್ಲಿ ಚಾಕಿನಿಂದ ಗೆರೆ ಎಳೆದು, ಬ್ಯಾಗಿನಲ್ಲಿ 3 ಕೆ.ಜಿ. ಭಾರ ಹಾಕಿ ಒಂದು ರಾತ್ರಿ ತೂಗುಹಾಕುತ್ತೇನೆ. ಬೆಳಗ್ಗೆ ಗೆರೆ ಸ್ಲೈಡರಿನಿಂದ ಸರಿದಿದ್ದರೆ ಪಟ್ಟಿ ಜಾರುತ್ತಿದೆ ಎಂದರ್ಥ. ಆಗ ಇಡೀ ಪಟ್ಟಿ ಬಿಚ್ಚಬೇಕಾಗಿಲ್ಲ. ಸ್ಲೈಡರಿನ ತುದಿಯ ಎರಡು ಅಡ್ಡಹೊಲಿಗೆ ಮಾತ್ರ ಬಿಚ್ಚಿ, ಅಡ್ಡಕಡ್ಡಿಗೂ ಪಟ್ಟಿಗೂ ನಡುವೆ 4 ಸೆಂ.ಮೀ. ಉದ್ದದ ಒಂದು ಪದರ ಬಟ್ಟೆ ಸೇರಿಸಿ ಮತ್ತೆ ಹೊಲಿಯಿರಿ. ಸಂದಿ ಅಷ್ಟರಲ್ಲೇ ಬಿಗಿಯಾಗುತ್ತದೆ.