ಭರಣಿಗೆ ಕಿವಿಗೊಟ್ಟು ಕಲಿತ ಕ್ರಿಸ್‌ಮಸ್ ಅಡುಗೆ

ಮಂಗಳೂರಿನ ನಮ್ಮ ಮನೆಯಲ್ಲಿ ನವೆಂಬರ್ ಮೊದಲ ವಾರ ದ್ರಾಕ್ಷಿ ವೈನ್ ಹಾಕಿದ ಮೇಲೆ ಅಮ್ಮ ದಿನಕ್ಕೊಮ್ಮೆ ಅದನ್ನು ಮರದ ಸೌಟಿನಿಂದ ಕಲಕುತ್ತಿದ್ದರು. ಕಲಕುವುದಕ್ಕೆ ಮೊದಲು ಬಟ್ಟೆ ಕಟ್ಟಿದ ಭರಣಿಯ ಬಾಯಿಗೆ ಕಿವಿ ಹತ್ತಿರ ತಂದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಅವರು ಏನನ್ನು ಕೇಳಿಸಿಕೊಳ್ಳುತ್ತಿದ್ದಾರೆಂದು ನಾನು ಆಗ ವಿಚಾರಿಸಿದವಳಲ್ಲ. ಮದುವೆಯಾಗಿ ಬೆಂಗಳೂರಿಗೆ ಬಂದು, 2009ರಲ್ಲಿ ಮೊದಲ ಬಾರಿಗೆ ನತಾಲಾಂ ಹಬ್ಬದ, ಅಂದರೆ ನಮ್ಮ ಕೊಂಕಣಿಯ ಕ್ರಿಸ್‌ಮಸ್ಸಿನ, ಅಡುಗೆಯನ್ನೆಲ್ಲ ಒಬ್ಬಳೇ ಹೊತ್ತುಕೊಂಡಾಗ ಅಮ್ಮ ಫೋನಿನಲ್ಲಿ ಹೇಳಿದ ಅಳತೆಗಳನ್ನೂ ದಿನಗಳ ಲೆಕ್ಕವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಳತೆಗಳು ಕೈಕೊಡಲಿಲ್ಲ, ದಿನಗಳ ಲೆಕ್ಕ ಕೈಕೊಟ್ಟಿತು. ಡಿಸೆಂಬರಿನಲ್ಲಿ ಮಂಗಳೂರಿನ ರಾತ್ರಿಯ ಉಷ್ಣಾಂಶ ಸುಮಾರು 22 ಡಿಗ್ರಿ ಇದ್ದರೆ ಬೆಂಗಳೂರಿನದು 16ರ ಆಸುಪಾಸಿನಲ್ಲಿರುತ್ತದೆ. ಹುದುಗು ಬರಬೇಕಾದ ಪದಾರ್ಥಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ.

ವೈನಿಗೆ ನಾನು ಬಳಸುವುದು ಬೆಂಗಳೂರು ನೀಲಿ ದ್ರಾಕ್ಷಿ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ಬೆಳೆಯುವ, ದಪ್ಪ ಸಿಪ್ಪೆಯ, ಬೀಜವಿರುವ ಈ ಹಣ್ಣು ಬಾಯಿಗಿಟ್ಟರೆ ಹುಳಿ ಎನಿಸಿದರೂ ಅದರ ಬಣ್ಣ ಮತ್ತು ವಾಸನೆಗೆ ಬೀಜವಿಲ್ಲದ ಸಿಹಿ ದ್ರಾಕ್ಷಿ ಸಾಟಿಯಾಗುವುದಿಲ್ಲ. 2 ಕಿಲೋ ಹಣ್ಣನ್ನು ಗೊಂಚಲಿನಿಂದ ಬಿಡಿಸಿ, ಕೊಳೆತದ್ದನ್ನು ತೆಗೆದು, ತೊಳೆದು, ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಆರಿಸಿ, ಭರಣಿಯಲ್ಲಿ ಕೈಯಿಂದಲೇ ಹಿಸುಕುತ್ತೇನೆ. ಅದಕ್ಕೆ ಒಂದೂವರೆ ಕಿಲೋ ಸಕ್ಕರೆ, ಕುದಿಸಿ ಆರಿಸಿದ 3 ಲೀಟರ್ ನೀರು, ಜಜ್ಜಿದ ಗೋಧಿ ಒಂದು ಹಿಡಿ, ನಾಲ್ಕು ಚೂರು ಚಕ್ಕೆ, ಏಳೆಂಟು ಲವಂಗ, ಉಗುರು ಬೆಚ್ಚಗಿನ ನೀರಿನಲ್ಲಿ ಉಕ್ಕಿಸಿದ ಒಂದು ಚಮಚ ಯೀಸ್ಟ್. ಭರಣಿಯ ಕಾಲು ಭಾಗವನ್ನು ಖಾಲಿ ಬಿಡಬೇಕು, ಏಕೆಂದರೆ ಎರಡನೆಯ ದಿನಕ್ಕೆ ಸಿಪ್ಪೆಗಳೆಲ್ಲ ನೊರೆಯೊಂದಿಗೆ ಮೇಲೆದ್ದು ಬರುತ್ತವೆ. ಆ ಸಿಪ್ಪೆಯ ಪದರವನ್ನು ದಿನವೂ ಕೆಳಗೆ ಮುಳುಗಿಸದಿದ್ದರೆ ಅದರ ಮೇಲೆ ಬೂಷ್ಟು ಬರುತ್ತದೆ, ಗಾಳಿ ತಾಗಿ ವೈನ್ ವಿನೆಗರಿನ ದಾರಿ ಹಿಡಿಯುತ್ತದೆ. ಕಲಕುವುದು ಶಾಸ್ತ್ರಕ್ಕಲ್ಲ, ಇದಕ್ಕಾಗಿ.

ಅಮ್ಮನ ಲೆಕ್ಕದ ಪ್ರಕಾರ 21ನೆಯ ದಿನ ಸೋಸಿ, ಬಾಟಲಿಗೆ ತುಂಬಿ, ಬಿರಟೆ ಬಿಗಿದು ಇಟ್ಟರಾಯಿತು. ನಾನು ಮೊದಲ ವರ್ಷ ಹಾಗೆಯೇ ಮಾಡಿ, ಆರು ಬಾಟಲಿಗಳನ್ನು ಗೋದಲಿಗೆಂದು ತಂದಿಟ್ಟಿದ್ದ ಒಣಹುಲ್ಲಿನ ಚೀಲದ ಪಕ್ಕದಲ್ಲಿ, ಬೆಳಕು ಬೀಳದ ಮೂಲೆಯಲ್ಲಿ ಜೋಡಿಸಿದೆ. ನಾಲ್ಕನೆಯ ರಾತ್ರಿ ಎರಡು ಬಾಟಲಿಗಳು ಒಡೆದವು. ಬೆಳಿಗ್ಗೆ ನೋಡಿದರೆ ಹುಲ್ಲೆಲ್ಲ ನೇರಳೆ ಬಣ್ಣಕ್ಕೆ ತಿರುಗಿತ್ತು, ಗೋಡೆಯ ಮೇಲೆ ಆಳೆತ್ತರಕ್ಕೆ ಕಲೆ ಚಿಮ್ಮಿತ್ತು. ಫೋನ್ ಮಾಡಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಸೋಸುವ ಮೊದಲು ಕಿವಿಗೊಟ್ಟು ಕೇಳಿದೆಯಾ?" ಹುದುಗು ನಡೆಯುತ್ತಿರುವಷ್ಟು ದಿನವೂ ಭರಣಿಯೊಳಗೆ ಸಣ್ಣ ಮಳೆ ತರಗೆಲೆಯ ಮೇಲೆ ಬಿದ್ದಂತಹ ಚುಸುಚುಸು ಸದ್ದಿರುತ್ತದೆ. ಅದು ಸಕ್ಕರೆಯನ್ನು ತಿನ್ನುವ ಯೀಸ್ಟ್ ಬಿಡುವ ಅನಿಲದ ಗುಳ್ಳೆಗಳ ಸದ್ದು. ಕರಾವಳಿಯ ಸೆಕೆಯಲ್ಲಿ ಅದು ಮೂರು ವಾರಕ್ಕೆ ಅಡಗುತ್ತದೆ. ನಮ್ಮ ಅಡುಗೆಮನೆಯ ತಂಪಿನಲ್ಲಿ ಅಡಗಿರಲಿಲ್ಲ, ನಾನು ಆ ಅನಿಲವನ್ನೂ ಸೇರಿಸಿಯೇ ಬಿರಟೆ ಹಾಕಿದ್ದೆ. ಈಗ ನಾನು ಅಕ್ಟೋಬರ್ 20ರ ಹೊತ್ತಿಗೇ ವೈನ್ ಹಾಕುತ್ತೇನೆ, ಸದ್ದು ಪೂರ್ತಿ ನಿಂತ ಮೇಲೆಯೇ ಸೋಸುತ್ತೇನೆ, ಆಮೇಲೂ ಎರಡು ವಾರ ಬಾಯಿಗೆ ಬರಿಯ ಬಟ್ಟೆ ಕಟ್ಟಿದ ಜಾಡಿಯಲ್ಲಿ ಗಷ್ಟು ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಸಣ್ಣ ಕೊಳವೆಯಿಂದ ಬಾಟಲಿಗೆ ಇಳಿಸುತ್ತೇನೆ. ಬಣ್ಣ ಸಾಲದೆ ಹೋದರೆ ಎರಡು ಚಮಚ ಸಕ್ಕರೆಯನ್ನು ಕಪ್ಪಾಗುವಂತೆ ಕರಗಿಸಿ ಸೇರಿಸುವುದುಂಟು, ಆದರೆ ಹಣ್ಣು ಒಳ್ಳೆಯದಾಗಿದ್ದರೆ ಆ ಉಪಾಯ ಬೇಕಾಗುವುದಿಲ್ಲ.

ಕೇಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೈನ್ ಹಾಕಿದ ದಿನವೇ ದ್ರಾಕ್ಷಿ, ಖರ್ಜೂರ, ಟೂಟಿ ಫ್ರೂಟಿ, ಕಿತ್ತಳೆ ಸಿಪ್ಪೆಗಳನ್ನು ಹೆಚ್ಚಿ ರಮ್ಮಿನಲ್ಲಿ ನೆನೆಹಾಕಿ, ಡಿಸೆಂಬರ್ ಎರಡನೆಯ ವಾರ 160 ಡಿಗ್ರಿಯಲ್ಲಿ ಬೇಯಿಸುತ್ತೇನೆ. ಕೇಕ್ ಈಗ ಎಲ್ಲ ಬೇಕರಿಗಳಲ್ಲೂ ಚೆನ್ನಾಗಿಯೇ ಸಿಗುತ್ತದೆ, ಕೊಂಡು ತಂದರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ಕುಸ್ವಾರಿನ ವಿಷಯದಲ್ಲಿ ನನಗೆ ಈ ಅಭಿಪ್ರಾಯವಿಲ್ಲ. ಕುಸ್ವಾರ್ ಎಂದರೆ ಹಬ್ಬಕ್ಕೆ ಮಾಡುವ ತಿಂಡಿಗಳ ಒಟ್ಟು ಹೆಸರು. ಅದರಲ್ಲಿ ಕರ್ಜಿಕಾಯಿಯ ಸೋದರಿಯಂತಿರುವ ನೆವ್ರಿ, ಅಕ್ಕಿಹಿಟ್ಟಿನ ಸಣ್ಣ ಗುಂಡುಗಳಾದ ಗುಳಿಯೊ, ಅಚ್ಚಿನಲ್ಲಿ ಹೂವಿನಂತೆ ಅರಳುವ ಕೊಕ್ಕಿಸಾಂ, ಚಕ್ಕುಲಿ, ಕಿಡಿಯೊ ಎಲ್ಲವೂ ಇರುತ್ತವೆ. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು. ತೆಂಗಿನ ಹಾಲಿನಲ್ಲಿ ಕಲಸಿದ ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಸುರುಳಿ ಮಾಡಿದಾಗ ಬರುವ ಗೀರುಗಳ ಆಕಾರಕ್ಕೆ ಆ ಹೆಸರು. ನಾವು ಚಿಕ್ಕವರಿದ್ದಾಗ ಇದಕ್ಕೆಂದೇ ಹೊಸ ಬಾಚಣಿಗೆಯೊಂದನ್ನು ಕೊಂಡು ಬೇರೆಯಾಗಿ ಎತ್ತಿಡುತ್ತಿದ್ದರು. ಒಂದು ಕಿಲೋ ಹಿಟ್ಟಿಗೆ ನೂರಾರು ಸುರುಳಿಗಳಾಗುವುದರಿಂದ ಒಬ್ಬರೇ ಕೂತರೆ ಮುಗಿಯುವ ಕೆಲಸವಲ್ಲ. ಡಿಸೆಂಬರ್ ಮೂರನೆಯ ಭಾನುವಾರ ನಮ್ಮ ಮನೆಯಲ್ಲಿ ಗಂಡ, ಮಕ್ಕಳು, ನಾದಿನಿ ಎಲ್ಲರೂ ಮೇಜಿನ ಸುತ್ತ ಕುಳಿತು ಇದನ್ನೇ ಮಾಡುತ್ತಾರೆ, ಯಾರ ಸುರುಳಿ ಯಾವುದೆಂದು ಕರಿದ ಮೇಲೂ ಗುರುತು ಹಿಡಿಯಬಹುದು.

ಗುಳಿಯೊ ಕರಿಯುವಾಗ ಮಕ್ಕಳನ್ನು ಒಲೆಯ ಹತ್ತಿರ ಬಿಡುವುದಿಲ್ಲ. ಹೊರಪದರ ಬೇಗ ಗಟ್ಟಿಯಾಗಿ ಒಳಗಿನ ತೇವ ಹಬೆಯಾದರೆ ಗುಂಡು ಎಣ್ಣೆಯಿಂದ ಸಿಡಿಯುತ್ತದೆ, ನನ್ನ ಎಡ ಮೊಣಕೈಯ ಮೇಲೆ ಅದರ ಗುರುತಿದೆ. ಹಿಟ್ಟನ್ನು ಹದವಾಗಿ ಹುರಿದುಕೊಳ್ಳುವುದು, ಉರಿಯನ್ನು ಕೊನೆಯವರೆಗೂ ಸಣ್ಣದಾಗಿಡುವುದು, ಬಾಣಲೆಯ ಮೇಲೆ ಜಾಲರಿ ಹಿಡಿಯುವುದು ಇವು ಮೂರನ್ನೂ ನಾನು ಆಮೇಲೆ ತಪ್ಪಿಸಿಲ್ಲ.

ಕೊಕ್ಕಿಸಾಂನ ಗುಟ್ಟೆಲ್ಲ ಅಚ್ಚಿನಲ್ಲಿದೆ. ಅಮ್ಮನಿಂದ ಬಂದ ಕಬ್ಬಿಣದ ಅಚ್ಚನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡುತ್ತೇನೆ. ಮೈದಾ, ಸ್ವಲ್ಪ ಅಕ್ಕಿಹಿಟ್ಟು, ದಪ್ಪ ತೆಂಗಿನ ಹಾಲು, ಮೊಟ್ಟೆ, ಸಕ್ಕರೆ, ಕರಿ ಎಳ್ಳು ಸೇರಿದ ಹಿಟ್ಟು ನೀರುದೋಸೆಗಿಂತ ದಪ್ಪ, ಉದ್ದಿನ ದೋಸೆಗಿಂತ ತೆಳು ಇರಬೇಕು. ಕಾದ ಎಣ್ಣೆಯಲ್ಲಿ ಅಚ್ಚನ್ನು ಎರಡು ನಿಮಿಷ ಇಟ್ಟು, ತೊಟ್ಟಿಕ್ಕುವ ಎಣ್ಣೆಯನ್ನು ಒಮ್ಮೆ ಝಾಡಿಸಿ, ಹಿಟ್ಟಿನಲ್ಲಿ ಮುಕ್ಕಾಲು ಎತ್ತರದಷ್ಟೇ ಅದ್ದಬೇಕು. ಹಿಟ್ಟು ತಾಗಿದ ಕೂಡಲೇ ಚೊಂಯ್ ಎಂದರೆ ಅಚ್ಚು ಕಾದಿದೆ. ಹಿಟ್ಟು ಅಚ್ಚಿನ ಮೇಲಂಚನ್ನು ದಾಟಿ ಮುಚ್ಚಿಕೊಂಡರೆ ಹೂವು ಕಳಚಿಕೊಳ್ಳುವುದಿಲ್ಲ, ಚಾಕುವಿನಿಂದ ಕೆರೆದು ತೆಗೆಯಬೇಕಾಗುತ್ತದೆ. ಮೊದಲ ನಾಲ್ಕೈದು ಪ್ರತಿ ವರ್ಷವೂ ಹಾಳಾಗುತ್ತವೆ, ಅವುಗಳಿಗಾಗಿ ಕಾಯುತ್ತ ನಿಲ್ಲುವ ಮಗನಿಗೆ ಇದರಿಂದ ದುಃಖವೇನೂ ಇಲ್ಲ.

ಕುಸ್ವಾರನ್ನು ತಟ್ಟೆಗಳಲ್ಲಿ ಜೋಡಿಸಿ, ಕಸೂತಿ ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಕೊಟ್ಟು ಬರುವುದು ಊರಿನ ಕ್ರಮ, ಇಲ್ಲಿಯೂ ಅದನ್ನು ಉಳಿಸಿಕೊಂಡಿದ್ದೇವೆ. ಮೊಟ್ಟೆ ತಿನ್ನದ ಮನೆಗಳಿಗೆ ನೆವ್ರಿ, ಗುಳಿಯೊ, ಚಕ್ಕುಲಿಗಳ ತಟ್ಟೆ ಬೇರೆಯೇ ಇರುತ್ತದೆ. ಕೆಳಮನೆಯ ಆಂಟಿ ಖಾಲಿ ತಟ್ಟೆ ಹಿಂದಿರುಗಿಸುವವರಲ್ಲ. ಅದು ಸಂಕ್ರಾಂತಿಯವರೆಗೆ ಅವರಲ್ಲೇ ಇದ್ದು, ಎಳ್ಳುಬೆಲ್ಲ ತುಂಬಿಕೊಂಡು ಬರುತ್ತದೆ.

ಇನ್ನು 25ರ ಬೆಳಗಿನ ಸನ್ನಾ ಮತ್ತು ಹಂದಿ ಮಾಂಸದ ಬಾಫಾತ್. ಸನ್ನಾ ನೋಡಲು ಇಡ್ಲಿಯ ಹಾಗಿದ್ದರೂ ರುಚಿ ಬೇರೆ. ಮಂಗಳೂರಿನಲ್ಲಿ ಅದನ್ನು ಉಬ್ಬಿಸುವುದಕ್ಕೆ ಶೇಂದಿ ಹಾಕುತ್ತಿದ್ದೆವು; ಇಲ್ಲಿ ನನಗೆ ತಾಜಾ ಶೇಂದಿ ಸಿಗದ ಕಾರಣ ಯೀಸ್ಟನ್ನೇ ನಂಬಿದ್ದೇನೆ. 3 ಲೋಟ ಅಕ್ಕಿಗೆ, ಅದರಲ್ಲಿ ಅರ್ಧ ಕುಚ್ಚಲಕ್ಕಿ, 1 ಲೋಟ ಉದ್ದು ನೆನೆಹಾಕಿ ನುಣ್ಣಗೆ ರುಬ್ಬಿ, ಸ್ವಲ್ಪ ಸಕ್ಕರೆ, ಉಪ್ಪು, ಯೀಸ್ಟ್ ಸೇರಿಸುತ್ತೇನೆ. ಮೊದಲ ವರ್ಷ ನಡುರಾತ್ರಿಯ ಪೂಜೆಯಿಂದ ಬಂದು ನೋಡಿದರೆ ಹಿಟ್ಟು ಇಟ್ಟ ಮಟ್ಟದಲ್ಲೇ ಮಲಗಿತ್ತು, ಬೆಂದ ಸನ್ನಾ ಬಟ್ಟಲಿನ ತಳ ಬಿಟ್ಟು ಏಳಲಿಲ್ಲ. ವೈನಿನ ಪಾಠ ಇಲ್ಲಿಗೂ ಅನ್ವಯಿಸಿತು: ಈಗ ಹಿಟ್ಟಿನ ಪಾತ್ರೆಯನ್ನು ಉರಿಸದ ಒವನ್ನಿನಲ್ಲಿ, ಒಳಗಿನ ದೀಪವನ್ನಷ್ಟೇ ಹಚ್ಚಿ ಇಡುತ್ತೇನೆ. ಆ ದೀಪದ ಶಾಖ ಮಂಗಳೂರಿನ ರಾತ್ರಿಗೆ ಸಮ. ಉಬ್ಬಿದ ಹಿಟ್ಟನ್ನು ಕಲಕದೆ, ಬಟ್ಟಲುಗಳಿಗೆ ಅರ್ಧದಷ್ಟು ಹೊಯ್ದು, ತೊಂದೊರಿನಲ್ಲಿ, ಅಂದರೆ ಹಬೆಯಲ್ಲಿ ಬೇಯಿಸುವ ಪಾತ್ರೆಯಲ್ಲಿ, 15 ನಿಮಿಷ ಬೇಯಿಸಬೇಕು.

ಬಾಫಾತಿನ ಪುಡಿ ಮಾತ್ರ ಏಪ್ರಿಲ್ ಬಿಸಿಲಿನ ಕೆಲಸ. ಅರ್ಧ ಕಿಲೋ ಬ್ಯಾಡಗಿ ಮೆಣಸು, ಕಾಲು ಕಿಲೋ ಕೊತ್ತಂಬರಿ, ತಲಾ 100 ಗ್ರಾಂ ಜೀರಿಗೆ ಮತ್ತು ಕಾಳುಮೆಣಸು, 50 ಗ್ರಾಂ ಅರಿಸಿನ ಇವನ್ನು ಹುರಿಯದೆ, ಬಿಸಿಲಿನಲ್ಲಿ ಗರಿಗರಿ ಒಣಗಿಸಿ ಗಿರಣಿಗೆ ಕೊಡುತ್ತೇನೆ. 24ರ ಮಧ್ಯಾಹ್ನ ಕೊಬ್ಬಿರುವ ಒಂದು ಕಿಲೋ ಮಾಂಸಕ್ಕೆ ಮೂರು ದೊಡ್ಡ ಚಮಚ ಪುಡಿ, ನಾಲ್ಕು ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಸೀಳಿದ ಹಸಿಮೆಣಸು, ಉಪ್ಪು, ಎರಡು ಚಮಚ ವಿನೆಗರ್ ಬೆರೆಸಿ, ಎಣ್ಣೆಯನ್ನೂ ನೀರನ್ನೂ ಹಾಕದೆ ಮಣ್ಣಿನ ಪಾತ್ರೆಯಲ್ಲಿ ಸಣ್ಣ ಉರಿಗೆ ಇಡುತ್ತೇನೆ. ಮುಚ್ಚಳದ ತಗ್ಗಿನಲ್ಲಿ ನೀರು ನಿಲ್ಲಿಸಿದರೆ ಹಬೆ ತಣಿದು ಒಳಗೇ ಇಳಿಯುತ್ತದೆ, ತಳ ಹಿಡಿಯುವುದಿಲ್ಲ. ಸುಮಾರು ಒಂದು ಗಂಟೆಯ ಮೇಲೆ ಕೊಬ್ಬು ಕರಗಿ ಕೆಂಪಗೆ ಮೇಲೆ ತೇಲುತ್ತದೆ. ಅಂದೇ ತಿನ್ನಬಾರದೆಂದು ನಿಯಮವೇನಿಲ್ಲ, ಆದರೆ ರಾತ್ರಿ ಕಳೆದ ಮೇಲೆ ಹುಳಿ ಖಾರಗಳು ಮಾಂಸದೊಳಗೆ ಇಳಿದಿರುವ ರುಚಿಯೇ ಬೇರೆ.

ಪೂಜೆ ಮುಗಿದು ಮನೆ ಸೇರುವಾಗ ರಾತ್ರಿ ಒಂದೂವರೆಯಾಗುತ್ತದೆ. ಆಗ ಕೇಕು, ಎರಡು ಕಿಡಿಯೊ, ಗಿಡ್ಡ ಗಾಜಿನ ಲೋಟದಲ್ಲಿ ಅರ್ಧದಷ್ಟು ವೈನ್. ಮಕ್ಕಳಿಗೆ ಯೀಸ್ಟ್ ಹಾಕದೆ ಅಂದೇ ಕುದಿಸಿ ಆರಿಸಿದ ದ್ರಾಕ್ಷಿ ರಸ. ಅಮ್ಮ ಈಗ ಹಬ್ಬಕ್ಕೆ ನಮ್ಮಲ್ಲಿಗೇ ಬರುತ್ತಾರೆ. ಕಳೆದ ವರ್ಷ ಮೊದಲ ಗುಟುಕು ಕುಡಿದು, "ಸಿಹಿ ಒಂದು ಮುಷ್ಟಿ ಜಾಸ್ತಿಯಾಯಿತು" ಎಂದರು, ಆಮೇಲೆ ಲೋಟವನ್ನು ಮತ್ತೆ ಮುಂದೆ ಚಾಚಿದರು.