‘ವಿಚ್’ ಬಂದ ಮೇಲೆ ‘ಇಟ್’ಗೆ ಏನು ಕೆಲಸ?

ಕೆಲಸದ ಅರ್ಜಿಯಾಗಲಿ, ಪರೀಕ್ಷೆಯ ಉತ್ತರವಾಗಲಿ, ನಮ್ಮವರ ಇಂಗ್ಲಿಷ್‌ನಲ್ಲಿ ಬಿಡಿ ವಾಕ್ಯಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಎರಡನ್ನು ಕೂಡಿಸಲು ಹೊರಟಾಗ ಎಡವಟ್ಟು ಶುರುವಾಗುತ್ತದೆ.

ಮೊದಲು, ಎರಡು ವಾಕ್ಯಗಳ ಸಂಬಂಧ ಎಂಥದ್ದು ನೋಡಿ. ಸಮಾನವಾಗಿದ್ದರೆ ‘ಆಂಡ್’, ‘ಬಟ್’, ‘ಆರ್’. ಕಾರಣವಿದ್ದರೆ ‘ಬಿಕಾಸ್’, ಷರತ್ತಿದ್ದರೆ ‘ಇಫ್’. ಎರಡು ವಾಕ್ಯಕ್ಕೆ ಒಂದೇ ಕೊಂಡಿ ಸಾಕು. ‘ಆಲ್ದೋ ಇಟ್ ರೇನ್ಡ್, ಬಟ್ ವಿ ವೆಂಟ್’ ಎಂದು ಬರೆದಿದ್ದರೆ ‘ಬಟ್’ ಹೊಡೆದುಹಾಕಿ.

ಎರಡರಲ್ಲೂ ಒಂದೇ ವ್ಯಕ್ತಿ ಅಥವಾ ವಸ್ತು ಬಂದಿದ್ದರೆ ‘ಹೂ’, ‘ವಿಚ್’, ‘ದಟ್’ ಬೇಕು. ಇಲ್ಲಿ ಅವಸರ ಬೇಡ. ‘ಐ ಲಾಸ್ಟ್ ದ ಪೆನ್. ಯು ಗೇವ್ ಮಿ ದ ಪೆನ್.’ ಎರಡನೆಯ ‘ದ ಪೆನ್’ ಅಳಿಸಿ, ‘ವಿಚ್’ ಎಂದು ಬರೆಯಿರಿ. ಆ ‘ವಿಚ್’ ಅನ್ನು ಎತ್ತಿ ಅದೇ ವಾಕ್ಯದ ತಲೆಗೆ ತನ್ನಿ: ‘ವಿಚ್ ಯು ಗೇವ್ ಮಿ’. ಎತ್ತಿದ ಜಾಗ ಖಾಲಿಯೇ ಉಳಿಯಬೇಕು. ಖಾಲಿ ಜಾಗ ಕಂಡರೆ ಕೈ ಕಡಿಯುತ್ತದೋ ಏನೋ, ಹೆಚ್ಚಿನವರು ಅಲ್ಲಿ ‘ಇಟ್’ ತುರುಕಿ ‘ವಿಚ್ ಯು ಗೇವ್ ಇಟ್ ಟು ಮಿ’ ಮಾಡುತ್ತಾರೆ. ‘ವಿಚ್’ ಎಂದರೆ ಆ ಪೆನ್ನೇ; ‘ಇಟ್’ ಬಂದರೆ ಒಂದು ಪೆನ್ನಿಗೆ ಎರಡು ಲೆಕ್ಕ.

ಇನ್ನು ‘ವಿಚ್ ಯು ಗೇವ್ ಮಿ’ ಎಂಬುದನ್ನು ಮೊದಲ ವಾಕ್ಯದ ‘ಪೆನ್’ ಪಕ್ಕದಲ್ಲೇ ಕೂರಿಸಿ: ‘ಐ ಲಾಸ್ಟ್ ದ ಪೆನ್ ವಿಚ್ ಯು ಗೇವ್ ಮಿ’. ಕನ್ನಡದ ‘ನೀನು ಕೊಟ್ಟ ಪೆನ್ನು’ ಇಲ್ಲಿ ಹಿಂದುಮುಂದಾಗುತ್ತದೆ, ಅಷ್ಟೇ. ‘ದ ಪೆನ್ ಈಸ್ ಬ್ಲೂ ವಿಚ್ ಯು ಗೇವ್ ಮಿ’ ಎಂದು ಬಾಲಕ್ಕೆ ನೇತುಹಾಕಬೇಡಿ.

ಬಸ್ ನಿಲ್ದಾಣದಲ್ಲಿ ಸಿಗುವ ದಿಢೀರ್ ಇಂಗ್ಲಿಷ್ ಕೈಪಿಡಿಗಳು, ಕರ್ಮದ ಜಾಗದಲ್ಲಿ ‘ಹೂ’ ತಾಳುವ ರೂಪವಾದ ‘ಹೂಮ್’ಗೆ ಪುಟಗಟ್ಟಲೆ ಕೊಡುತ್ತವೆ. ದುಡ್ಡು ದಂಡ. ಮಾತಿನಲ್ಲಿ ‘ದ ಮ್ಯಾನ್ ಐ ಮೆಟ್’ ಎನ್ನಿ, ಕೊಂಡಿಯೇ ಬೇಡ. ಆದರೆ ಕರ್ತೃವಿನ ಜಾಗದಲ್ಲಿರುವ ‘ಹೂ’ ಬಿಡುವಂತಿಲ್ಲ: ‘ದ ಮ್ಯಾನ್ ಹೂ ಕೇಮ್ ಯೆಸ್ಟರ್‌ಡೇ’.

ಕೊನೆಗೆ ಅಲ್ಪವಿರಾಮ. ಮೊಬೈಲ್ ಆ್ಯಪ್ ಹೇಳಿತೆಂದು ಹಾಕಬೇಡಿ. ನಿಮಗೆಷ್ಟು ಅಣ್ಣತಮ್ಮಂದಿರು ಎಂಬುದು ಅದಕ್ಕೇನು ಗೊತ್ತು? ‘ಮೈ ಬ್ರದರ್, ಹೂ ಲಿವ್ಸ್ ಇನ್ ಹುಬ್ಬಳ್ಳಿ, ಈಸ್ ಎ ಡಾಕ್ಟರ್’ ಎಂದರೆ ಇರುವವನು ಒಬ್ಬನೇ, ಹುಬ್ಬಳ್ಳಿ ಹೆಚ್ಚುವರಿ ಮಾಹಿತಿ. ಅಲ್ಪವಿರಾಮ ತೆಗೆದರೆ, ಹಲವರ ಪೈಕಿ ಹುಬ್ಬಳ್ಳಿಯವನು. ಅಲ್ಪವಿರಾಮ ಹಾಕಿದ ಕಡೆ ‘ಹೂ’ ಬದಲು ‘ದಟ್’ ಮಾತ್ರ ಬರೆಯಬೇಡಿ.